ಹಳೆ ಪಹಣಿಯ ಠಿಕಾಣಿ

ಶರಣಬಸವೇಶ್ವರರು ಕಲಬುರಗಿಯಲ್ಲಿ ಲಿಂಗೈಕ್ಯರಾದದ್ದು 1822ರಲ್ಲಿ. ಅವರ ಸಮಾಧಿ ಇರುವ ದೇವಸ್ಥಾನ, ಅದರ ಹತ್ತಿರದ ಅಪ್ಪನ ಕೆರೆ, ಸುತ್ತ ಬೆಳೆದ ಸಂಸ್ಥಾನದ ಶಾಲೆ ಕಾಲೇಜುಗಳು ಇವತ್ತು ಊರಿನ ಗುರುತೇ ಆಗಿಬಿಟ್ಟಿವೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಒಕ್ಕಲುತನ ಮಾಡಿದವರು ಅವರು. ಬೆಳೆದದ್ದನ್ನು ದಾಸೋಹಕ್ಕೆ ಕೊಟ್ಟವರು, ಹೊಲಕ್ಕೆ ಬಂದ ಹಕ್ಕಿಯನ್ನೂ ಓಡಿಸದವರು ಎಂದು ಜಾತ್ರೆಗೆ ಬರುವ ರೈತರು ಈಗಲೂ ಅವರನ್ನು ನೆನೆಯುತ್ತಾರೆ.

ಆ ಕಾಲದ ಹೊಲವೊಂದರ ಲೆಕ್ಕ ಯಾವ ಕಾಗದದಲ್ಲಿತ್ತು, ಆ ಕಾಗದ ಎಲ್ಲಿತ್ತು? ಊರಿನ ಮಟ್ಟದ ಲೆಕ್ಕ ಕುಲಕರ್ಣಿಯ ಮನೆಯಲ್ಲಿತ್ತು. ಅದರ ಮೇಲಿನ ಲೆಕ್ಕ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಹೈದರಾಬಾದಿನಲ್ಲಿತ್ತು. ಆಗ ನಿಜಾಮ ಸಿಕಂದರ್ ಜಾಹ್ ಆಳುತ್ತಿದ್ದ, ರಾಜ್ಯದ ಹಣಕಾಸು ಪೇಷ್ಕಾರ ಚಂದೂಲಾಲನ ಕೈಯಲ್ಲಿತ್ತು. ಅಂದಿನಿಂದ ಇಂದಿನವರೆಗೆ ಕಲಬುರಗಿಯ ನೆಲದ ಕಾಗದಗಳು ಎಷ್ಟು ಸಲ ಭಾಗವಾದವು, ಪ್ರತಿ ಭಾಗ ಯಾವ ಊರಿನ ಯಾವ ಕೋಣೆಗೆ ಹೋಯಿತು ಎಂಬುದೇ ಒಂದು ಚರಿತ್ರೆ. ಅರಸರ ಚರಿತ್ರೆಗಿಂತ ಅದು ರೈತನಿಗೆ ಹೆಚ್ಚು ಬೇಕಾದದ್ದು. ಅಜ್ಜನ ಹೆಸರಿನ ಹೊಲ ಮೊಮ್ಮಗನ ಹೆಸರಿಗೆ ಬರಬೇಕಾದರೆ ಮೊದಲು ಸಿಗಬೇಕಾದದ್ದು ಆ ಕಾಗದದ ಠಿಕಾಣಿ.

ನಿಜಾಮರ ಹಳೆಯ ಆಡಳಿತದಲ್ಲಿ ಕಂದಾಯದ ಕಾಗದಗಳಿಗೆ ಎರಡು ದೊಡ್ಡ ಮನೆಗಳಿದ್ದವು. ಒಂದು ದಫ್ತರ್-ಎ-ದಿವಾನಿ, ಇನ್ನೊಂದು ದಫ್ತರ್-ಎ-ಮಾಲ್. ತೆಲಂಗಾಣದ ಕಡೆಯ ಸೀಮೆಗಳ ಲೆಕ್ಕ ಒಂದರಲ್ಲಿ, ಮರಾಠಿ ನಾಡಿನ ಕಡೆಯ ಸೀಮೆಗಳ ಲೆಕ್ಕ ಇನ್ನೊಂದರಲ್ಲಿ. ದಿವಾನಿ ದಫ್ತರು ರಾಯ್ ರಾಯಾನ್ ಮನೆತನದ ಕೈಯಲ್ಲಿದ್ದರೆ ಮಾಲ್ ದಫ್ತರು ಮಾಲ್‌ವಾಲಾ ಮನೆತನದ ಕೈಯಲ್ಲಿತ್ತು. ಎರಡೂ ವಂಶಪಾರಂಪರ್ಯ ಹುದ್ದೆ. ಕಾಗದ ಯಾರ ಕೈಯಲ್ಲಿತ್ತೋ ಅಧಿಕಾರವೂ ಅವರ ಕೈಯಲ್ಲಿತ್ತು. ಯಾವ ಪರಗಣೆಯಿಂದ ಎಷ್ಟು ಬರಬೇಕು, ಯಾವ ಜಾಗೀರು ಯಾರಿಗೆ ಎಂಬುದನ್ನು ತಿಳಿಯಲು ದಿವಾನನೂ ಅವರನ್ನೇ ಕೇಳಬೇಕಿತ್ತು.

ಇದನ್ನು ಮುರಿದವನು ಒಂದನೆಯ ಸಾಲಾರ್ ಜಂಗ್. 1853ರಲ್ಲಿ ದಿವಾನನಾಗಿ 1883ರಲ್ಲಿ ಸಾಯುವ ತನಕ ಅವನು ಮಾಡಿದ ಕೆಲಸಗಳಲ್ಲಿ ರೈಲು, ಖಜಾನೆ, ನ್ಯಾಯಾಲಯಗಳ ಮಾತು ಎಲ್ಲರಿಗೂ ಗೊತ್ತು. ಕಾಗದಗಳನ್ನು ಮನೆತನಗಳ ಹಿಡಿತದಿಂದ ಬಿಡಿಸಿ ಸರಕಾರದ ಕಚೇರಿಗೆ ತಂದದ್ದು ಅಷ್ಟೇ ದೊಡ್ಡ ಕೆಲಸ. 1865ರ ಜಿಲಾಬಂದಿಯಲ್ಲಿ, ಅಂದರೆ ನಿಜಾಮ ಸರಕಾರದ ಲೆಕ್ಕದ 1275 ಫಸಲಿಯಲ್ಲಿ, ರಾಜ್ಯವನ್ನು ಜಿಲ್ಲೆಗಳಾಗಿ ಕಟ್ಟಲಾಯಿತು. ಜಿಲ್ಲೆಗೆ ಅವ್ವಲ್ ತಾಲ್ಲೂಕದಾರ, ಅವನ ಕೆಳಗೆ ದೋಯಂ, ಸೋಯಂ ತಾಲ್ಲೂಕದಾರರು, ತಾಲ್ಲೂಕಿಗೆ ತಹಸೀಲ್ದಾರ. ಮುಂದೆ ಗುಲಬರ್ಗಾ, ಅಂದರೆ ಇಂದಿನ ಕಲಬುರಗಿ, ಒಂದು ಸುಭಾ ಆಯಿತು. 1909ರ ಹೊತ್ತಿಗೆ ಗುಲಬರ್ಗಾ, ಬೀದರ, ರಾಯಚೂರು, ಉಸ್ಮಾನಾಬಾದ್ ನಾಲ್ಕು ಜಿಲ್ಲೆಗಳು ಆ ಸುಭಾಕ್ಕೆ ಸೇರಿದ್ದವು. ಹೀಗೆ ಹೈದರಾಬಾದಿನಲ್ಲಿ ಒಟ್ಟಿಗಿದ್ದ ಲೆಕ್ಕದ ಒಂದು ಪಾಲು ಸುಭಾಕ್ಕೆ, ಒಂದು ಪಾಲು ಜಿಲ್ಲೆಗೆ, ಒಂದು ಪಾಲು ತಹಸೀಲಿಗೆ ಹಂಚಿಹೋಯಿತು. ಊರಿನಲ್ಲಿ ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಪಟವಾರಿ ಎಂಬ ಮೂವರು ವಂಶಪಾರಂಪರ್ಯವಾಗಿ ಉಳಿದರು. ಬರೆಯುವ ಕೆಲಸ ಪಟವಾರಿಯದು.

ಕಚೇರಿಯಲ್ಲಿ ಕಾಗದ ಇಡುವ ಕೋಣೆಗೆ ಮುಹಾಫಿಜ್‌ಖಾನಾ ಎನ್ನುತ್ತಿದ್ದರು. ಒಂದೊಂದು ಪ್ರಕರಣದ ಕಾಗದ ಒಂದೊಂದು ಮಿಸಲ್. ಹಲವು ಮಿಸಲ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ದಾರ ಬಿಗಿದರೆ ಅದು ಬಸ್ತಾ. ಬಸ್ತಾದ ಮೇಲೆ ಊರಿನ ಹೆಸರು, ವರ್ಷ, ಬಾಬು ಬರೆದ ಚೀಟಿ. ಅಂಥ ಬಸ್ತಾ ಬಿಚ್ಚಿದವರಿಗೆ ಮೊದಲು ಕಾಣುವುದು ಧೂಳು, ಆಮೇಲೆ ಅಂಚು ಪುಡಿಯಾದ ಹಾಳೆ, ಅದರ ಮೇಲೆ ಓರೆಯಾಗಿ ಓಡುವ ಶಿಕಸ್ತಾ ಬರವಣಿಗೆ. 1880ರ ದಶಕದವರೆಗೆ ಸರಕಾರಿ ಭಾಷೆ ಫಾರ್ಸಿ, ಆಮೇಲೆ ಉರ್ದು. ಹಳೆ ಲೆಕ್ಕದ ಹಾಳೆಗಳಲ್ಲಿ ರೂಪಾಯಿಗಳನ್ನು ಅಂಕಿಯಲ್ಲಿ ಬರೆಯದೆ ರಖಂ ಎಂಬ ಸಂಕೇತಗಳಲ್ಲಿ ಬರೆದಿರುವುದುಂಟು. ಅರಬಿ ಸಂಖ್ಯಾವಾಚಕಗಳನ್ನು ಮೊಟಕು ಮಾಡಿ ಕಟ್ಟಿದ ಗುರುತುಗಳು ಅವು. ಉರ್ದು ಚೆನ್ನಾಗಿ ಬಲ್ಲವರಿಗೂ ಅವನ್ನು ಓದಲು ಬೇರೆ ಅಭ್ಯಾಸ ಬೇಕು.

ವರ್ಷದ ಲೆಕ್ಕವೂ ಬೇರೆ. ನಿಜಾಮ ಸರಕಾರದ ಫಸಲಿ ವರ್ಷ ಅಕ್ಟೋಬರಿನ ಮೊದಲ ವಾರದಲ್ಲಿ, ಆಜೂರ್ ತಿಂಗಳಿನಿಂದ ಶುರುವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಅದು ಶುರುವಾದ ಇಸವಿ ಸಿಗುತ್ತದೆ. ಹೈದರಾಬಾದ್ ಭೂಕಂದಾಯ ಕಾಯ್ದೆ 1317 ಫಸಲಿಯದು, ಅಂದರೆ 1907-08ರದು. ಹಕ್ಕು ದಾಖಲೆಗಳ ನಿಯಮ 1358 ಫಸಲಿಯದು, ಅಂದರೆ 1948-49ರದು. 1930ರ ಜೂನಿನ ಕಾಗದ ಬೇಕಾದವರು 1339ರ ಬಸ್ತಾ ಕೇಳಬೇಕು. 1930 ಎಂದಾಕ್ಷಣ 590 ಕಳೆದು 1340 ಕೇಳಿದರೆ ಒಂದು ವರ್ಷ ಮುಂದಿನ ಗಂಟು ಬರುತ್ತದೆ. ಇದು ಸಣ್ಣ ಸಂಗತಿ ಎನಿಸಬಹುದು. ಆದರೆ ವರ್ಷವಾರು ಕಟ್ಟಿದ ಕಾಗದದ ರಾಶಿಯಲ್ಲಿ ವರ್ಷ ತಪ್ಪಿದರೆ ಕಾಗದವೇ ಇಲ್ಲ ಎಂಬ ಉತ್ತರ ಬರುತ್ತದೆ, ಆ ಉತ್ತರದಿಂದ ಹೊಲವೇ ಕೈತಪ್ಪಬಹುದು.

ಇನ್ನೊಂದು ತೊಡಕು ಒಡೆತನದ್ದು. ಗುಲಬರ್ಗಾ ಜಿಲ್ಲೆಯ ಎಲ್ಲ ನೆಲವೂ ದಿವಾನಿ, ಅಂದರೆ ನೇರ ಸರಕಾರದ ಆಡಳಿತದ್ದಾಗಿರಲಿಲ್ಲ. ಆಳಂದ, ಅಫಜಲಪುರ, ಚಿತ್ತಾಪುರ ಪಾಯಗಾ ಎಂಬ ದೊಡ್ಡ ಜಾಗೀರುಗಳ ಅಮೀರರ ಸೀಮೆಗಳು. ಕೆಲವು ಊರುಗಳು ನಿಜಾಮನ ಸ್ವಂತ ಸರ್ಫ್-ಎ-ಖಾಸ್, ಕೆಲವು ಸಣ್ಣ ಜಾಗೀರು, ಕೆಲವು ಇನಾಮು. ಪಾಯಗಾಕ್ಕೆ ತನ್ನದೇ ತಹಸೀಲು, ತನ್ನದೇ ದಫ್ತರು. ಅಕ್ಕಪಕ್ಕದ ಎರಡು ಹಳ್ಳಿಗಳ ಕಾಗದ ಎರಡು ಬೇರೆ ಸರಕಾರಗಳ ಹಾಗಿನ ಎರಡು ಕಡೆ ಇರುತ್ತಿದ್ದವು. ಮಠ, ದರ್ಗಾ, ಗುಡಿಗಳ ಇನಾಮಿನ ವಿಚಾರಣೆ ಅತಿಯಾತ್ ಇಲಾಖೆಯಲ್ಲಿ ನಡೆದು, ತೀರ್ಪಿನ ಸಾರವಾದ ಮುಂತಖಾಬ್ ಎಂಬ ಪತ್ರ ಅಲ್ಲಿಂದ ಹೊರಡುತ್ತಿತ್ತು. ಈ ಭಾಗದ ಧಾರ್ಮಿಕ ಸಂಸ್ಥೆಗಳ ನೆಲದ ವ್ಯಾಜ್ಯಗಳಲ್ಲಿ ಇವತ್ತಿಗೂ ವಕೀಲರು ಮೊದಲು ಕೇಳುವುದು ಆ ಮುಂತಖಾಬನ್ನೇ.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತಕ್ಕೆ ಸೇರಿತು. ಮರುವರ್ಷ ಸರ್ಫ್-ಎ-ಖಾಸ್ ದಿವಾನಿಯಲ್ಲಿ ಲೀನವಾಯಿತು, ಆಗಸ್ಟಿನಲ್ಲಿ ಜಾಗೀರು ರದ್ದತಿಯ ನಿಯಮ ಬಂತು. ಹಲವು ಒಡೆಯರ ಹಲವು ದಫ್ತರುಗಳಲ್ಲಿ ಹರಡಿದ್ದ ಕಾಗದ ಒಂದೇ ತಹಸೀಲಿಗೆ ಬರಬೇಕಾಯಿತು. ಬಂದದ್ದನ್ನೆಲ್ಲ ಒಂದು ಪದ್ಧತಿಗೆ ತರುವ ಯತ್ನವಾಗಿ 1954-55ರಲ್ಲಿ ಖಾಸ್ರಾ ಪಹಣಿ ತಯಾರಾಯಿತು. ಹೊಲ ಹೊಲಕ್ಕೆ ಪಟ್ಟೇದಾರ ಯಾರು, ಕಬ್ಜೆಯಲ್ಲಿರುವವರು ಯಾರು, ಎಷ್ಟು ಎಕರೆ ಎಂದು ಅದರಲ್ಲಿ ಬರೆಯಲಾಯಿತು. ಈ ಭಾಗದ ರೈತನ ಬಾಯಲ್ಲಿ ಸೇತ್ವಾರ್ ಮತ್ತು ಖಾಸ್ರಾ ಎಂಬ ಎರಡು ಹೆಸರು ಈಗಲೂ ಆಡುಮಾತಾಗಿ ಇರುವುದಕ್ಕೆ ಕಾರಣ ಇದೇ. ಸೇತ್ವಾರ್ ಸರ್ವೆ ಬಂದೋಬಸ್ತಿನ ಮೂಲ ಪಟ್ಟಿ. ಖಾಸ್ರಾ ಸ್ವಾತಂತ್ರ್ಯದ ನಂತರದ ಮೊದಲ ಪೂರ್ಣ ಚಿತ್ರ. ಕಲಬುರಗಿಯ ಹೈಕೋರ್ಟ್ ಪೀಠದ ಭೂವ್ಯಾಜ್ಯಗಳಲ್ಲಿ ಇವೆರಡರ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ.

ಖಾಸ್ರಾದ ಶಾಯಿ ಒಣಗುವ ಮೊದಲೇ ಎನ್ನುವಷ್ಟು ಬೇಗ ರಾಜ್ಯವೇ ಮೂರು ಪಾಲಾಯಿತು.

1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆಯನ್ನು ಭಾಷೆಯ ಗೆಲುವಿನ ಕಾಗದವಾಗಿ ಓದುವುದು ವಾಡಿಕೆ. ದಫ್ತರಿನವನ ಕಣ್ಣಿನಿಂದ ಓದಿದರೆ ಅದು ಬಸ್ತಾಗಳನ್ನು ಹಂಚುವ ಆದೇಶವೂ ಹೌದು. ಗುಲಬರ್ಗಾ ಜಿಲ್ಲೆ ಮೈಸೂರಿಗೆ ಬಂತು, ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕು ಬಿಟ್ಟು. ರಾಯಚೂರು ಬಂತು, ಆಲಂಪುರ ಮತ್ತು ಗದ್ವಾಲ ಬಿಟ್ಟು. ಬೀದರ ಬಂತು, ಆದರೆ ಅಹಮದಪುರ, ನಿಲಂಗಾ, ಉದಗೀರ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ಮತ್ತು ಜಹೀರಾಬಾದ್ ಆಂಧ್ರಕ್ಕೆ ಹೋದವು.

ತಾಲ್ಲೂಕಿಗೆ ತಾಲ್ಲೂಕೇ ಹೋದರೆ ಕೆಲಸ ಅಷ್ಟು ಕಷ್ಟವಲ್ಲ, ಕಚೇರಿ ಇದ್ದಲ್ಲೇ ಇರುತ್ತದೆ, ಬಾಗಿಲ ಮೇಲಿನ ಬೋರ್ಡು ಬದಲಾಗುತ್ತದೆ. ಬೀದರದಲ್ಲಿ ಗೆರೆ ತಾಲ್ಲೂಕಿನ ಒಳಗೇ ಹಾಯ್ದಿತು. ಜಹೀರಾಬಾದ್ ಆಂಧ್ರಕ್ಕೆ ಹೋದರೂ ಅದರ ನಿರ್ಣಾ ಸರ್ಕಲ್ ಮೈಸೂರಿನಲ್ಲಿ ಉಳಿಯಿತು. ಬೀದರ ತಾಲ್ಲೂಕು ಮೈಸೂರಿಗೆ ಬಂದರೂ ಅದರ ನ್ಯಾಲಕಲ್ ಸರ್ಕಲ್ ಆಂಧ್ರದ ಪಾಲಾಯಿತು. ಇಲ್ಲಿ ಬಸ್ತಾ ಬಿಚ್ಚಲೇಬೇಕು. ಊರುವಾರು ಕಟ್ಟಿದ ಕಾಗದವಾದರೆ ಬೇರೆ ಮಾಡಬಹುದು. ಇಡೀ ತಾಲ್ಲೂಕಿಗೆ ಒಂದೇ ರಿಜಿಸ್ಟರು ಇದ್ದರೆ? ಅರ್ಧ ಪುಸ್ತಕ ಹರಿದು ಕೊಡಲಾಗದು. ಪುಸ್ತಕ ಒಂದು ಕಡೆ ಉಳಿಯುತ್ತದೆ, ಇನ್ನೊಂದು ಕಡೆಯವರು ಅದರ ಅಸ್ತಿತ್ವವನ್ನು ನೆನಪಿಟ್ಟುಕೊಳ್ಳಬೇಕಾಗುತ್ತದೆ. ಕೊಡಂಗಲ್ಲಿನ ಉದಾಹರಣೆ ನೋಡಿದರೆ, ಆ ಊರು ಗುಲಬರ್ಗಾ ಜಿಲ್ಲೆಯಿಂದ ಮಹಬೂಬನಗರಕ್ಕೆ, 2016ರಲ್ಲಿ ಅಲ್ಲಿಂದ ವಿಕಾರಾಬಾದ್ ಜಿಲ್ಲೆಗೆ ಹೋಗಿದೆ. ನಡುವೆ 2014ರಲ್ಲಿ ರಾಜ್ಯವೇ ಬದಲಾಗಿದೆ. ಒಂದೇ ಸರ್ವೆ ನಂಬರಿನ ಕಾಗದಗಳ ಮೇಲೆ ಹೈದರಾಬಾದ್, ಆಂಧ್ರಪ್ರದೇಶ, ತೆಲಂಗಾಣ ಮೂರು ರಾಜ್ಯಗಳ ಹೆಸರಿರುತ್ತದೆ. ಹೊಲ ಮಾತ್ರ ಇದ್ದಲ್ಲೇ ಇದೆ.

ಮೇಲಿನ ಸರಕಾರದ ಕಾಗದ ಹೈದರಾಬಾದಿನಲ್ಲೇ ಉಳಿಯಿತು. ದಫ್ತರ್-ಎ-ದಿವಾನಿಯ ಪರಂಪರೆಯ ಸಂಗ್ರಹ ಈಗ ತಾರ್ನಾಕಾದ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿದೆ. ಷಹಜಹಾನ್, ಔರಂಗಜೇಬರ ಕಾಲದ ದಖ್ಖನಿನ ಕಾಗದಗಳೇ ಅಲ್ಲಿ ಸುಮಾರು ಒಂದೂವರೆ ಲಕ್ಷ ಇವೆ. ಕಲಬುರಗಿಯ ಇತಿಹಾಸ ಬರೆಯುವವರು, ಹಳೆ ಇನಾಮಿನ ಮೂಲ ಹುಡುಕುವವರು ಇಂದಿಗೂ ಹೈದರಾಬಾದಿನ ದಾರಿ ಹಿಡಿಯಬೇಕು. ಇತ್ತ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಹುಟ್ಟಿದ್ದು 1973ರಲ್ಲಿ. ಅದರ ವಿಭಾಗೀಯ ಕಚೇರಿಗಳಲ್ಲಿ ಒಂದು ಕಲಬುರಗಿಯಲ್ಲಿದೆ. ಹೀಗಾಗಿ ಒಂದೇ ಹೊಲದ ಇನ್ನೂರು ವರ್ಷದ ಕಾಗದಕ್ಕೆ ಈಗ ಕನಿಷ್ಠ ಮೂರು ಠಿಕಾಣಿ: ಹೈದರಾಬಾದ್, ವಿಭಾಗೀಯ ಪತ್ರಾಗಾರ, ತಹಸೀಲ್ ಕಚೇರಿಯ ರೆಕಾರ್ಡ್ ರೂಮು.

ನಾಲ್ಕನೆಯದು ಪಟವಾರಿಯ ಮನೆ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರದು, ಜಾರಿಗೆ ಬಂದದ್ದು 1963ರ ಫೆಬ್ರುವರಿ 1ರಂದು. ತಲೆಮಾರುಗಳಿಂದ ಲೆಕ್ಕ ಬರೆಯುತ್ತಿದ್ದ ಪಟವಾರಿ, ಕುಲಕರ್ಣಿ ಮನೆಗಳಿಂದ ದಫ್ತರನ್ನು ಸರಕಾರ ವಹಿಸಿಕೊಂಡಿತು, ಸಂಬಳದ ಗ್ರಾಮ ಲೆಕ್ಕಿಗ ಬಂದ. ಆದರೆ ಮನೆಯ ಅಟ್ಟದಲ್ಲಿ ಮನೆತನದ ಸ್ವಂತ ಕಾಗದ ಯಾವುದು, ಸರಕಾರದ ಕಾಗದ ಯಾವುದು ಎಂದು ಗೆರೆ ಎಳೆಯುವುದು ಸುಲಭವಾಗಿರಲಿಲ್ಲ. ಈ ಸೀಮೆಯ ಹಳೆ ವಾಡೆಗಳಲ್ಲಿ ಮೋಡಿ ಅಕ್ಷರದ ಕಟ್ಟುಗಳು ಇನ್ನೂ ಸಿಗುವುದು ಅದಕ್ಕೇ.

1964ರ ಭೂಕಂದಾಯ ಕಾಯ್ದೆ ಬಂದ ಮೇಲೆ ನಿಜಾಮಿ ಮತ್ತು ಮೈಸೂರು ಪದ್ಧತಿಗಳು ಒಂದಾಗಿ, ಇಂದು ಎಲ್ಲರಿಗೂ ಗೊತ್ತಿರುವ ಹದಿನಾರು ಕಲಮಿನ ಪಹಣಿ ನೆಲೆಗೊಂಡಿತು. ಅದರ ಒಂದು ಕಲಮನ್ನು ಹತ್ತಿರದಿಂದ ನೋಡಬೇಕು. ಒಂಬತ್ತನೆಯದರಲ್ಲಿ ಮಾಲೀಕನ ಹೆಸರಿದೆ, ಹನ್ನೊಂದರಲ್ಲಿ ಬ್ಯಾಂಕಿನ ಸಾಲದ ಬೋಜಾ ಇದೆ, ಹನ್ನೆರಡರಲ್ಲಿ ಬೆಳೆ ಮತ್ತು ಸಾಗುವಳಿದಾರ. ಇವುಗಳ ನಡುವಿನ ಹತ್ತನೆಯ ಕಲಮು, ನೆಲ ಹೇಗೆ ಬಂತು ಎಂಬುದನ್ನು ಹೇಳುವ ಜಾಗ. ಅಲ್ಲಿ ಕಥೆ ಇರುವುದಿಲ್ಲ, ಎಂ.ಆರ್. ಎಂದು ಬರೆದು ಒಂದು ನಂಬರು, ಒಂದು ವರ್ಷ ಇರುತ್ತದೆ. ಎಂ.ಆರ್. ಅಂದರೆ ಮ್ಯುಟೇಷನ್ ರಿಜಿಸ್ಟರು. ಪೌತಿಯಿಂದ ಬಂತೇ, ಖರೀದಿಯೇ, ಅಣ್ಣತಮ್ಮಂದಿರ ವಾಟ್ನಿಯೇ ಎಂಬುದು ಆ ರಿಜಿಸ್ಟರಿನಲ್ಲಿದೆ. ಅದು ರೆಕಾರ್ಡ್ ರೂಮಿನಲ್ಲಿದೆ. ಪಹಣಿ ಎಂಬುದು ಬರೀ ಮಾಹಿತಿಯ ಹಾಳೆಯಲ್ಲ, ಇನ್ನೊಂದು ಕಾಗದದ ವಿಳಾಸವನ್ನು ಹೊತ್ತ ಹಾಳೆ. ವಿಳಾಸ ಸುಳ್ಳಾದರೆ ಹಾಳೆ ಅರ್ಧ ಮೂಕವಾಗುತ್ತದೆ.

ರೆಕಾರ್ಡ್ ರೂಮಿಗೆ ತನ್ನದೇ ಶಿಸ್ತು ಇದೆ. ಮುಗಿದ ಕಡತಕ್ಕೆ ಎ, ಬಿ, ಸಿ, ಡಿ, ಇ ಎಂಬ ವರ್ಗ ಬೀಳುತ್ತದೆ. ಎ ಶಾಶ್ವತ, ಬಿ ಮೂವತ್ತು ವರ್ಷ, ಸಿ ಹತ್ತು, ಡಿ ಐದು, ಇ ಒಂದು ವರ್ಷ ಇಟ್ಟು ತೆಗೆದುಹಾಕುವಂಥವು. ನಡೆಯುವ ಕಡತ ಕೇಸ್ ವರ್ಕರ್ ಮೇಜಿನ ಮೇಲೆ, ಮುಗಿದದ್ದು ರ‍್ಯಾಕಿನಲ್ಲಿ, ಅವಧಿ ತೀರಿದ್ದು ಹೊರಗೆ. ಯಾವ ರ‍್ಯಾಕು, ಯಾವ ಕಟ್ಟು ಎಂಬುದನ್ನು ಹೇಳುವ ಇಂಡೆಕ್ಸ್ ರಿಜಿಸ್ಟರು ರೆಕಾರ್ಡ್ ಕೀಪರ್ ಬಳಿ. ಈ ಕೆಲಸಕ್ಕೆ ಊರಿನಲ್ಲಿ ಯಾರೂ ಹಾರ ಹಾಕುವುದಿಲ್ಲ. ಒಳ್ಳೆಯ ರೆಕಾರ್ಡ್ ಕೀಪರ್ ಇದ್ದ ತಾಲ್ಲೂಕಿನಲ್ಲಿ ವ್ಯಾಜ್ಯ ಬೇಗ ಮುಗಿಯುತ್ತದೆ ಎಂಬುದು ಕಂದಾಯ ಇಲಾಖೆಯಲ್ಲಿ ದುಡಿದವರಿಗೆಲ್ಲ ಗೊತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಕಾಪಾಡಲು 1978ರಲ್ಲಿ ಬಂದ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕರಣಗಳನ್ನೇ ತೆಗೆದುಕೊಂಡರೂ ಸಾಕು. ಮೂಲ ಮಂಜೂರಾತಿ ಕಡತ ಸಿಕ್ಕರೆ ಬಡವನ ಕೈ ಮೇಲಾಗುತ್ತದೆ. ಸಿಗದಿದ್ದರೆ ಹೊಲದ ಮೇಲಿನ ಅವನ ಮಾತು ಬರೀ ಮಾತಾಗಿ ಉಳಿಯುತ್ತದೆ.

ಇನ್ನು ಕಂಪ್ಯೂಟರಿನ ಕಾಲ. ಕರ್ನಾಟಕದಲ್ಲಿ ಭೂದಾಖಲೆ ಗಣಕೀಕರಣ ಎಂದರೆ 'ಭೂಮಿ' ಯೋಜನೆ ನೆನಪಾಗುತ್ತದೆ. ಅದಕ್ಕೂ ಸುಮಾರು ಒಂದು ದಶಕ ಮೊದಲು, 1991ರಲ್ಲಿ, ಕೇಂದ್ರದ ಪೂರ್ಣ ಹಣದಲ್ಲಿ ರಾಜ್ಯದ ಮೊದಲ ಪ್ರಯೋಗ ನಡೆದದ್ದು ಗುಲಬರ್ಗಾ ಜಿಲ್ಲೆಯಲ್ಲಿ. ಇದು ಕಲಬುರಗಿಯವರಿಗೇ ಅಷ್ಟಾಗಿ ಗೊತ್ತಿಲ್ಲ. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಇದು ಮಂಜೂರಾಯಿತು. ಫಲ ಮಾತ್ರ ಸಿಗಲಿಲ್ಲ. ಕಾರಣ ಯಂತ್ರದ್ದಲ್ಲ, ಜಾಗದ್ದು. ಕಂಪ್ಯೂಟರ್ ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ. ಪಹಣಿ ಬದಲಾಗುತ್ತಿದ್ದದ್ದು ತಾಲ್ಲೂಕಿನಲ್ಲಿ. ತಾಲ್ಲೂಕಿಗೆ ಕಂಪ್ಯೂಟರ್ ಕೊಡುವ ಮಾತೇ ಯೋಜನೆಯಲ್ಲಿರಲಿಲ್ಲ. ಜಿಲ್ಲೆಯಲ್ಲಿ ಟೈಪಾದ ಮಾಹಿತಿ ಅಲ್ಲೇ ನಿಂತಿತು, ಹಳ್ಳಿಯಲ್ಲಿ ಕೈಬರಹದ ಪಹಣಿ ಮುಂದೆ ಹೋಯಿತು. ಪ್ರತಿ ಮ್ಯುಟೇಷನ್ನಿನೊಂದಿಗೆ ಎರಡರ ನಡುವಿನ ಅಂತರ ಬೆಳೆಯಿತು.

2000ದಿಂದ 2002ರವರೆಗೆ ಬಂದ 'ಭೂಮಿ' ಈ ಪಾಠವನ್ನು ಕಲಿತಿತ್ತು. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ಎನ್‌.ಐ.ಸಿ. ಬರೆದ ತಂತ್ರಾಂಶದೊಂದಿಗೆ, ಕಂಪ್ಯೂಟರನ್ನು 177 ತಾಲ್ಲೂಕುಗಳಿಗೂ ಒಯ್ಯಲಾಯಿತು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ರೈತರ, 2 ಕೋಟಿ ಪಹಣಿಗಳು ಯಂತ್ರಕ್ಕೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು, ಕಿಯಾಸ್ಕಿನಲ್ಲಿ 15 ರೂಪಾಯಿಗೆ ಪಹಣಿ ಸಿಕ್ಕಿತು, ಬೆರಳಚ್ಚು ಕೊಡದೆ ಯಾವ ಅಧಿಕಾರಿಯೂ ದಾಖಲೆ ತಿದ್ದಲಾಗದಂತಾಯಿತು. ಮೊದಲು ತಾಲ್ಲೂಕಿಗೊಂದು ಸರ್ವರ್ ಇತ್ತು. ಆಮೇಲೆ ಎಲ್ಲ ತಾಲ್ಲೂಕುಗಳ ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯಿತು. ಅರಳಗುಂಡಗಿಯ ಹೊಲದ ಲೆಕ್ಕ ಒಂದು ಕಾಲಕ್ಕೆ ಹೈದರಾಬಾದಿನಲ್ಲಿತ್ತು. ಈಗ ಅದು ಬೆಂಗಳೂರಿನಲ್ಲಿದೆ.

ದೊಡ್ಡ ದತ್ತಾಂಶವನ್ನು ಕಂಪ್ಯೂಟರಿನವರು ಇಡುವ ರೀತಿ ಮುಹಾಫಿಜ್‌ಖಾನಾದ ರೀತಿಗೆ ಬಹಳ ಹತ್ತಿರ. ಕೋಟಿಗಟ್ಟಲೆ ಸಾಲುಗಳಿರುವ ಒಂದು ಕೋಷ್ಟಕವನ್ನು ವರ್ಷವಾರು ಅಥವಾ ಪ್ರದೇಶವಾರು ತುಂಡು ಮಾಡುತ್ತಾರೆ. ಒಂದೊಂದು ತುಂಡು ಒಂದು ಪಾರ್ಟಿಷನ್. 1997ರ ಒರಾಕಲ್ 8ರಲ್ಲಿ ಈ ಸೌಲಭ್ಯ ಬಂತು. ಉಚಿತವಾಗಿ ಸಿಗುವ ಪೋಸ್ಟ್‌ಗ್ರೆಸ್‌ನಲ್ಲಿ ಇದು ನೇರ ರೂಪದಲ್ಲಿ ಬಂದದ್ದು 2017ರ ಹತ್ತನೇ ಆವೃತ್ತಿಯಲ್ಲಿ. ಲಾಭ ಎರಡು. 2003ರ ಪಹಣಿ ಕೇಳಿದರೆ ಯಂತ್ರ 2003ರ ತುಂಡನ್ನಷ್ಟೇ ತೆರೆಯುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ. ಎರಡನೆಯದಾಗಿ, ಈ ವರ್ಷದ ತುಂಡನ್ನು ದುಬಾರಿಯಾದ ವೇಗದ ಡಿಸ್ಕಿನಲ್ಲಿ, ಹಳೆ ವರ್ಷಗಳದನ್ನು ಅಗ್ಗದ ನಿಧಾನದ ಡಿಸ್ಕಿನಲ್ಲಿ, ತೀರ ಹಳೆಯದನ್ನು ಟೇಪಿನಲ್ಲಿ ಅಥವಾ ಬೇರೆ ಊರಿನ ಸಂಗ್ರಹದಲ್ಲಿ ಇಡಬಹುದು. ಹೀಗೆ ಹಳೆಯದನ್ನು ಕ್ರಮವಾಗಿ ದೂರಕ್ಕೆ ಸಾಗಿಸುತ್ತ ಹೋಗುವ ಕೆಲಸವೇ ಆರ್ಕೈವಿಂಗ್.

ಇಲ್ಲಿಯೂ ಎಲ್ಲದರ ಬುಡ ಒಂದು ರಿಜಿಸ್ಟರು. ಯಾವ ಪಾರ್ಟಿಷನ್ ಯಾವ ಡಿಸ್ಕಿನ ಯಾವ ಜಾಗದಲ್ಲಿದೆ ಎಂಬುದನ್ನು ಯಂತ್ರ ತನ್ನ ಕ್ಯಾಟಲಾಗಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ತಪ್ಪು ಎರಡು ತೆರನಾಗಿ ಆಗಬಹುದು. ಯಾರೋ ಫೈಲುಗಳನ್ನು ಕೈಯಾರೆ ಬೇರೆ ಡಿಸ್ಕಿಗೆ ಸರಿಸಿ ಕ್ಯಾಟಲಾಗಿಗೆ ತಿಳಿಸದಿದ್ದರೆ, ದತ್ತಾಂಶ ಇದ್ದೂ ಯಂತ್ರಕ್ಕೆ ಕಾಣುವುದಿಲ್ಲ. ಇನ್ನೊಂದು ಇದಕ್ಕೆ ತಿರುಗುಮುರುಗು. ಅಪಾಚೆ ಹೈವ್ ಎಂಬ ವ್ಯವಸ್ಥೆಯಲ್ಲಿ ಒಂದು ಪಾರ್ಟಿಷನ್ನಿನ ವಿಳಾಸ ಬದಲಿಸುವ ಆಜ್ಞೆ ಕೊಟ್ಟರೆ ವಿಳಾಸವಷ್ಟೇ ಬದಲಾಗುತ್ತದೆ, ದತ್ತಾಂಶ ಹಳೆ ಜಾಗದಲ್ಲೇ ಇರುತ್ತದೆ. ಅದನ್ನು ಬೇರೆಯಾಗಿ ಸಾಗಿಸಬೇಕು. ಮರೆತರೆ ಹೊಸ ವಿಳಾಸದಲ್ಲಿ ಖಾಲಿ ಕೋಣೆ. 1956ರಲ್ಲಿ ಬೀದರದ ತಹಸೀಲುಗಳ ಮುಂದಿದ್ದ ಅಪಾಯಗಳೂ ಇವೇ ಎರಡು.

ಕಾಗದ ಭಾಗವಾಗುವುದು ಮುಗಿದ ಕಥೆಯಲ್ಲ. 2009ರ ಕೊನೆಯಲ್ಲಿ ಗುಲಬರ್ಗಾ ಜಿಲ್ಲೆಯಿಂದ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಬೇರೆಯಾಗಿ ಯಾದಗಿರಿ ಜಿಲ್ಲೆಯಾಯಿತು. ಸುರಪುರದ ಮಟ್ಟಿಗೆ ಇದು ಇನ್ನೊಂದು ಪದರ: 1858ರಲ್ಲಿ ಸಂಸ್ಥಾನ ಬಿದ್ದು, ಸೀಮೆ ಮೊದಲು ಬ್ರಿಟಿಷರ ಕೈಗೆ ಹೋಗಿ, ಆಮೇಲೆ ನಿಜಾಮನಿಗೆ ಬಂದ ನೆಲ ಅದು. 2018ರಲ್ಲಿ ಕಲಬುರಗಿ ತಾಲ್ಲೂಕಿನಿಂದ ಕಮಲಾಪುರ, ಜೇವರ್ಗಿಯಿಂದ ಯಡ್ರಾಮಿ ಹೊಸ ತಾಲ್ಲೂಕುಗಳಾದವು. ಕಾಳಗಿ, ಶಹಾಬಾದ್ ಕೂಡ ಅದೇ ಪಟ್ಟಿಯಲ್ಲಿ ಬಂದವು.

ಕೆಂಪು ಬಾಳೆಗೆ ಹೆಸರಾದ ಕಮಲಾಪುರ, ಹುಮನಾಬಾದ್ ದಾರಿಯಲ್ಲಿದೆ. ಅಲ್ಲಿನ ರೈತರಿಗೆ ಹೊಸ ತಾಲ್ಲೂಕು ದೊಡ್ಡ ಅನುಕೂಲ. ಪಹಣಿಗೆ, ಜಾತಿ-ಆದಾಯ ಪತ್ರಕ್ಕೆ ಕಲಬುರಗಿಯ ಮಿನಿ ವಿಧಾನಸೌಧಕ್ಕೆ ಎಡತಾಕುವುದು ತಪ್ಪಿತು. ಆದರೆ ಕಲಬುರಗಿ ತಾಲ್ಲೂಕಿನಿಂದ ಇಲ್ಲಿಗೆ ಬಂದ ಹಳ್ಳಿಗಳ, 2018ಕ್ಕಿಂತ ಸ್ವಲ್ಪ ಹಿಂದಿನ ಕಾಗದಗಳ ಮೇಲೆ ಕಲಬುರಗಿ ತಾಲ್ಲೂಕು ಎಂದಿದೆ. 2014ರ ನವೆಂಬರ್ 1ಕ್ಕಿಂತ ಹಿಂದಿನದಾದರೆ ಗುಲಬರ್ಗಾ ಎಂದಿದೆ. ಅದಕ್ಕೂ ಹಿಂದಿನದು ಉರ್ದುವಿನಲ್ಲಿ, ಫಸಲಿಯಲ್ಲಿ. ತಂದೆಯ ಪೌತಿ ಮಾಡಿಸಲು ಹೊರಟ ಮಗ ಇಷ್ಟನ್ನೂ ತಿಳಿದಿರಬೇಕು ಎನ್ನುವುದು ಅನ್ಯಾಯ. ಅದನ್ನು ತಿಳಿದಿರಬೇಕಾದವರು ಕಚೇರಿಯವರು.

ಆನ್‌ಲೈನಿನಲ್ಲಿ ಪಹಣಿ ನೋಡುವವರು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನೋಕ್, ಹಿಸ್ಸಾ, ಅವಧಿ, ವರ್ಷ ಎಂದು ಮೆಟ್ಟಿಲಿನಂತೆ ಒಂದೊಂದನ್ನೇ ಆರಿಸುತ್ತಾರೆ. ಬಸ್ತಾದ ಮೇಲಿನ ಚೀಟಿಯಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಇದೇ ಅನುಕ್ರಮ. ತಾಲ್ಲೂಕು ಒಡೆದಾಗ ಈ ಮೆಟ್ಟಿಲುಗಳ ಎರಡನೆಯದೇ ಬದಲಾಗುತ್ತದೆ. ಹಳ್ಳಿ ಹೊಸ ತಾಲ್ಲೂಕಿನ ಕೆಳಗೆ ಬಂದಾಗ ಅದರ ಹಳೆ ವರ್ಷಗಳೂ ಜೊತೆಗೆ ಬರಬೇಕೇ, ಹಳೆ ತಾಲ್ಲೂಕಿನ ಹೆಸರಿನಲ್ಲೇ ಉಳಿಯಬೇಕೇ ಎಂಬ ಪ್ರಶ್ನೆಯನ್ನು ತಂತ್ರಾಂಶ ಬರೆಯುವವರು ಬಗೆಹರಿಸಲೇಬೇಕು. ಕಾಗದದ ವಿಷಯದಲ್ಲೂ ಅದೇ ಪ್ರಶ್ನೆ.

ಪತ್ರಾಗಾರಗಳ ಲೋಕದಲ್ಲಿ ಇದಕ್ಕೆ ಒಂದು ಹಳೆಯ ಉತ್ತರವಿದೆ. 1841ರಲ್ಲಿ ಫ್ರಾನ್ಸ್ ಸರಕಾರ ತನ್ನ ಪ್ರಾಂತೀಯ ಪತ್ರಾಗಾರಗಳಿಗೆ ಸುತ್ತೋಲೆ ಹೊರಡಿಸಿ, ಕಾಗದಗಳನ್ನು ವಿಷಯವಾರು ಕಲಸಬೇಡಿ, ಯಾವ ಕಚೇರಿಯಲ್ಲಿ ಹುಟ್ಟಿದವೋ ಆ ಕಚೇರಿಯ ಗುಂಪಿನಲ್ಲೇ ಇಡಿ ಎಂದಿತು. ಜಗತ್ತಿನ ಪತ್ರಾಗಾರಗಳೆಲ್ಲ ಇಂದು ಹೆಚ್ಚಾಗಿ ಇದನ್ನೇ ಪಾಲಿಸುತ್ತವೆ. ಕಮಲಾಪುರಕ್ಕೂ ಇದೇ ಸರಿ. ಕಲಬುರಗಿ ತಾಲ್ಲೂಕಿನ ಹಳೆ ರಿಜಿಸ್ಟರುಗಳನ್ನು ಬಿಚ್ಚಿ, ಹಾಳೆ ಕಿತ್ತು ಹೊಸ ತಾಲ್ಲೂಕಿಗೆ ಕೊಡುವುದು ಕಾಗದವನ್ನೂ ಕೆಡಿಸುತ್ತದೆ, ಸಾಕ್ಷ್ಯವನ್ನೂ ಕೆಡಿಸುತ್ತದೆ. ಒಂದು ಪುಸ್ತಕದ ಮುಂದಿನ ಪುಟ, ಹಿಂದಿನ ಪುಟ ಇದ್ದರೇ ನ್ಯಾಯಾಲಯ ನಡುವಿನ ಪುಟವನ್ನು ನಂಬುತ್ತದೆ. ಮೂಲ ಹುಟ್ಟಿದಲ್ಲೇ ಇರಲಿ. ನಕಲು ಮತ್ತು ಠಿಕಾಣಿಯ ಪಟ್ಟಿ ಮಾತ್ರ ಎರಡೂ ಕಡೆ ಇರಬೇಕು.

ನಕಲಿನ ಕೆಲಸ ಈಗ ನಡೆದಿದೆ. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳ ಹಳೆ ಕಡತಗಳನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಯೋಜನೆಯನ್ನು ಕಂದಾಯ ಇಲಾಖೆ 2024ರಲ್ಲಿ ಪ್ರತಿ ಜಿಲ್ಲೆಯ ಒಂದೊಂದು ತಾಲ್ಲೂಕಿನಲ್ಲಿ ಪ್ರಯೋಗವಾಗಿ ಶುರುಮಾಡಿ, ಬಳಿಕ ಉಳಿದ ತಾಲ್ಲೂಕುಗಳಿಗೆ ಹರಡಿತು. ಇದು ತಡವಾಗಿ ಬಂದ, ಆದರೆ ಬಹಳ ಒಳ್ಳೆಯ ಕೆಲಸ. ಸ್ಕ್ಯಾನ್ ಮಾಡಿದ ಚಿತ್ರಕ್ಕೆ ತನ್ನಷ್ಟಕ್ಕೆ ಹೆಸರಿರುವುದಿಲ್ಲ. ಉರ್ದು ಹಾಳೆಯ ಚಿತ್ರಕ್ಕೆ ಊರು, ಸರ್ವೆ ನಂಬರು, ಫಸಲಿ ವರ್ಷ, ಮೂಲ ಬಸ್ತಾ ಯಾವ ರ‍್ಯಾಕಿನಲ್ಲಿದೆ ಎಂಬುದನ್ನು ಓದಿ ಬರೆಯುವ ಮನುಷ್ಯ ಬೇಕು. ಕಲ್ಯಾಣ ಕರ್ನಾಟಕದಲ್ಲಿ ಉರ್ದು ಬಲ್ಲ ಹಳೆ ಗುಮಾಸ್ತರು ನಿವೃತ್ತರಾಗಿದ್ದಾರೆ, ಹಲವರು ಈಗಿಲ್ಲ. ಮೋಡಿ ಓದುವವರು ಇನ್ನೂ ಕಡಿಮೆ.

ಆದ್ದರಿಂದ ಆಗಬೇಕಾದ ಕೆಲಸ ಮೂರು, ಮೂರೂ ದುಬಾರಿಯಲ್ಲ. ಗುಲಬರ್ಗಾ ವಿಶ್ವವಿದ್ಯಾಲಯವೂ ಶರಣಬಸವ ವಿಶ್ವವಿದ್ಯಾಲಯವೂ ಇರುವ ಊರಿನಲ್ಲಿ ಇತಿಹಾಸ ಓದುವ ಹತ್ತಾರು ಹುಡುಗ ಹುಡುಗಿಯರಿಗೆ ಶಿಕಸ್ತಾ, ರಖಂ, ಮೋಡಿ ಕಲಿಸಿ, ಸ್ಕ್ಯಾನಿಂಗ್ ನಡೆಯುವ ಕೋಣೆಯಲ್ಲಿ ಕೂರಿಸಬೇಕು. ತಾರ್ನಾಕಾದ ಪತ್ರಾಗಾರದಲ್ಲಿರುವ ಗುಲಬರ್ಗಾ, ರಾಯಚೂರು, ಬೀದರ ಈ ಮೂರು ಹಳೆ ಜಿಲ್ಲೆಗಳ ಕಾಗದಗಳ ಪಟ್ಟಿಯನ್ನು ಎರಡು ರಾಜ್ಯ ಸರಕಾರಗಳು ಮಾತಾಡಿಕೊಂಡು ಕಲಬುರಗಿಯ ವಿಭಾಗೀಯ ಪತ್ರಾಗಾರಕ್ಕೆ ತರಿಸಬೇಕು. ಮತ್ತು ಕಮಲಾಪುರ, ಯಡ್ರಾಮಿ, ಕಾಳಗಿ, ಶಹಾಬಾದ್ ತಹಸೀಲ್ ಕಚೇರಿಗಳ ಗೋಡೆಗೆ, ರೈತ ನಿಂತು ಓದುವ ಎತ್ತರದಲ್ಲಿ, ಕನ್ನಡದಲ್ಲಿ ಒಂದು ಫಲಕ ಹಾಕಬೇಕು: ಯಾವ ಹಳ್ಳಿಯ ಯಾವ ವರ್ಷದ ಸೇತ್ವಾರ್, ಖಾಸ್ರಾ, ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರು ಯಾವ ಕಚೇರಿಯಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು ಎಂದು. ಈ ಕೊನೆಯ ಕೆಲಸವನ್ನು ತಹಸೀಲ್ದಾರರು ಯಾರ ಅಪ್ಪಣೆಗೂ ಕಾಯದೆ ನಾಳೆಯೇ ಮಾಡಬಹುದು.